ಕಡಿಮೆ ಬಿದ್ದ ತೂಕ

ಸಂಡೂರು ದಾಟಿ ತೋರಣಗಲ್ಲಿನ ಕಡೆ ತಿರುಗುವಲ್ಲಿ
ನನ್ನ ವೇಬ್ರಿಡ್ಜು. ಹದಿನೆಂಟು ವರ್ಷ, ರಾತ್ರಿ ಪಾಳಿ.
ಖಾಲಿ ಲಾರಿ ತೂಗು, ತುಂಬಿದ ಲಾರಿ ತೂಗು,
ಕಳೆ, ಚೀಟಿ ಹರಿ, ಕೊಡು.
ಗಣಿ ಗೇಟಿನ ಚೀಟಿಗೂ ನನ್ನ ಚೀಟಿಗೂ ನಡುವೆ
ಇನ್ನೂರ ನಲವತ್ತು ಕಿಲೊ ಕಡಿಮೆ ಬಿದ್ದ ದಿನ
ಮ್ಯಾನೇಜರು ಕೇಳಿದ್ದು ಒಂದೇ ಮಾತು:
‘ಎಲ್ಲಿ ಹೋತಲೇ ಯರ್ರೆಪ್ಪಾ?’
ತಾಡಪಾಲು ಹರಿದಿತ್ತು, ಧೂಳಾಗಿ ಹೋಯಿತು ಅಂದೆ.
ಆ ತಿಂಗಳ ಸಂಬಳದಲ್ಲಿ ಧೂಳಿನ ಪಾಲು ಮುರಿದುಕೊಂಡರು.

ಅದಕ್ಕೇ, ಕಾಲೇಜಿನ ಫಿಸಿಕ್ಸ್ ಮೇಡಂ ನಸೀಮುನ್ನಿಸಾ
ಸ್ಕೂಟಿ ಪಂಕ್ಚರಾಗಿ, ತಮ್ಮನ ದಾರಿ ಕಾಯುತ್ತ
ನನ್ನ ಗೂಡಿನ ಮುಂದೆ ಕೂತ ರಾತ್ರಿ
‘ದೊಡ್ಡ ಬೆಂಕಿ ಅಂದರೆ ಕಡಿಮೆ ಬಿದ್ದ ತೂಕ’ ಅಂದಾಗ
ಮೊದಲು ನೆನಪಾದದ್ದು ಮ್ಯಾನೇಜರ ಮುಖ.

ಕುಡುತಿನಿಯ ಕಡೆ ಕೈ ತೋರಿಸಿದರು:
‘ಅಲ್ಲಿ ಒಂದು ಟನ್ನು ಕಲ್ಲಿದ್ದಲು ಉರಿಸಿ,
ಬೂದಿ ಹೊಗೆ ಎಲ್ಲ ಹಿಡಿದು ತಂದು ತೂಗಿದರೂ
ಕಳೆದಿರುವುದು ಸಾಸಿವೆಯ ಒಂದು ಚೂರು.
ಯುರೇನಿಯಂ ಒಂದು ಟನ್ನು ಒಡೆದರೆ ಕಿಲೊಗೆ ತುಸು ಕಡಿಮೆ.
ಹೈಡ್ರೋಜನ್ ಒಂದು ಟನ್ನು ಬೆಸೆದರೆ ಏಳು ಕಿಲೊ.’
‘ಯಾರು ಹೊಡೆದರು ಮೇಡಂ, ಆ ಏಳು ಕಿಲೊ?’
‘ಯಾರೂ ಇಲ್ಲ. ಅದೇ ಕಾವು, ಅದೇ ಬೆಳಕು.’

ಬಿಡಿಬಿಡಿಯಾಗಿ ತೂಗಿದರೆ ಹೆಚ್ಚಂತೆ,
ಬಿಗಿಯಾಗಿ ಕೂಡಿದ ಮೇಲೆ ಅವೇ ಹಗುರವಂತೆ.
ಲಾರಿ ಮಾಲೀಕರ ಕಿವಿಗೆ ಈ ಮಾತು ಬಿದ್ದರೆ ನನ್ನ ಗತಿ!
ನಕ್ಕೆ. ಅವರು ನಗಲಿಲ್ಲ,
ಕ್ಯಾನಿನ ನಲ್ಲಿಯ ತುದಿಗೆ ಬೆರಳು ಮಾಡಿದರು.
ಅಲ್ಲೊಂದು ಹನಿ, ಬೀಳಲೋ ಬೇಡವೋ ಅನ್ನುತ್ತಿತ್ತು.
ಯುರೇನಿಯಮ್ಮಿನ ಒಡಲೂ ಹೀಗೇ:
ಒಳಗಿರುವವರಲ್ಲಿ ಅರ್ಧದ ಹತ್ತಿರ ಒಬ್ಬರನ್ನೊಬ್ಬರು ದೂಡುವವರು,
ಅಂಟೊಂದು ಹೇಗೋ ಹಿಡಿದಿದೆ.
ಯಾರ ಜಗಳಕ್ಕೂ ಸೇರದ ನ್ಯೂಟ್ರಾನೊಂದು
ಮೆಲ್ಲಗೆ ಒಳಗೆ ಬಂತೋ,
ಹನಿ ನಡುಗಿ, ಉದ್ದವಾಗಿ, ನಡು ಸಣ್ಣಗಾಗಿ—
ನಲ್ಲಿಯ ಹನಿ ಬಿತ್ತು.
ಎರಡು ಹೋಳು ಎರಡು ದಿಕ್ಕಿಗೆ,
ಜೊತೆಗೆ ಸಿಡಿದ ಎರಡು ಮೂರು ನ್ಯೂಟ್ರಾನು
ಮುಂದಿನ ಹನಿ ಹುಡುಕುತ್ತ.

ಹೈಡ್ರೋಜನ್ನಿನದು ಬೇರೆ ಕಥೆ.
ದೂರದಿಂದ ಹಗೆ. ಮೈಗೆ ಮೈ ತಾಗುವಷ್ಟು ನೂಕಿದರೆ
ಬಿಡಿಸಲಾರದ ನಂಟು.
ಹಾಗೆ ನೂಕುವುದಕ್ಕೆ ಸೂರ್ಯನ ಹೊಟ್ಟೆಯಂಥ ಕುಲುಮೆ ಬೇಕು.

‘ಒಡೆದರೂ ಬೆಂಕಿ, ಕೂಡಿಸಿದರೂ ಬೆಂಕಿ,
ಇದೆಂಥಾ ಲೆಕ್ಕ ಮೇಡಂ?’
ಆಗ ಎರಡೂ ಗುಡ್ಡ ತೋರಿಸಿದರು ನಸೀಮುನ್ನಿಸಾ.
ದೋಣಿಮಲೈ ಕಡೆಯಿಂದ ಒಂದು ಸಾಲು ದೀಪ ಇಳಿಯುತ್ತಿತ್ತು,
ಎದುರು ಬೆಟ್ಟದಿಂದ ಇನ್ನೊಂದು ಸಾಲು.
‘ಹಗುರದವರು ಆ ಕಡೆಯಿಂದ, ಭಾರದವರು ಈ ಕಡೆಯಿಂದ.
ಇಬ್ಬರಿಗೂ ಇಳಿಜಾರೇ.
ಇಳಿಯುವಾಗ ಬ್ರೇಕು ಸುಟ್ಟ ವಾಸನೆ ಬರುತ್ತಲ್ಲ, ಆ ಕಾವು.
ಕಣಿವೆಯ ತಳದಲ್ಲಿ ಏನಿದೆ ಹೇಳಿ?’
ನನಗೆ ತಿಳಿಯಲಿಲ್ಲ.
ಕಂಬದ ಬೆಳಕಲ್ಲಿ ಕೆಂಪಗಿದ್ದ ನನ್ನ ಅಂಗೈ ತಿರುಗಿಸಿ ತೋರಿಸಿದರು.
ಕಬ್ಬಿಣ.
ಒಡೆದರೂ ಕಾಸಿಲ್ಲ, ಬೆಸೆದರೂ ಕಾಸಿಲ್ಲ.
ಎಷ್ಟೋ ನಕ್ಷತ್ರಗಳು ಅಲ್ಲಿಗೆ ಬಂದು ನಿಂತವಂತೆ.

ಹಾಗಾದರೆ ಹದಿನೆಂಟು ವರ್ಷ ನಾನು ತೂಗಿದ್ದು
ಬೂದಿ.

ತಮ್ಮ ಬಂದ. ಬೈಕು ಹತ್ತುತ್ತ ಮೇಡಂ ಅಂದರು:
ಸೂರ್ಯನಲ್ಲಿ ಸೆಕೆಂಡಿಗೆ ನಲವತ್ತು ಲಕ್ಷ ಟನ್ನು ಕಡಿಮೆ ಬೀಳುತ್ತದೆ.
ಲಾರಿಗೆ ಇಪ್ಪತ್ತು ಟನ್ನು ಹಿಡಿದು ಚೀಟಿಯ ಬೆನ್ನಲ್ಲಿ ಲೆಕ್ಕ ಮಾಡಿದೆ.
ಎರಡು ಲಕ್ಷ ಲಾರಿ.
ನನ್ನ ಇಡೀ ನೌಕರಿ ಅವನಿಗೆ ಎರಡು ಸೆಕೆಂಡು ಇರಬಹುದು.
ಅವನ ಸಂಬಳ ಯಾರು ಮುರಿಯುತ್ತಾರೆ?

ಬೆಳಗಿನ ಪಾಳಿಯವನು ಇನ್ನೂ ಬಂದಿರಲಿಲ್ಲ.
ಗುಡ್ಡದ ಸಂದಿಯಿಂದ ಬಿಸಿಲು ಬಂತು,
ಪರ್ಮಿಟ್ಟಿಲ್ಲದೆ, ತಾಡಪಾಲಿಲ್ಲದೆ,
ನೇರ ಬಂದು ಖಾಲಿ ತಟ್ಟೆಯ ಮೇಲೆ ನಿಂತಿತು.
ಮೀಟರು ಇಪ್ಪತ್ತು ಕಿಲೊ ತೋರಿಸುತ್ತಿತ್ತು.
ರಾತ್ರಿಯ ಧೂಳು, ಗೊತ್ತು.
ಗುಡಿಸಿ ಸೊನ್ನೆ ಒತ್ತಬೇಕು, ಅದೂ ಗೊತ್ತು.
ಪೊರಕೆ ಹಿಡಿದು ಸುಮ್ಮನೆ ನಿಂತಿದ್ದೆ.