ನಿಂತ ಕಾಲಿನ ನಕಾಶಿ

ಕೂತು ತೋರಸಬಾರದಂತ, ಮಲಗಿಯೂ ಅಲ್ಲ.
‘ನಿಂತರನ ಕಾಲು ಖರೇ ಹೇಳತೈತಿ’ ಅಂದಳು
ಡಾಕ್ಟರಬಾಯಿ, ಮರಾಠಿಯೊಳಗ.
ಇಪ್ಪತ್ತೆಂಟು ವರ್ಷ ಮಗ್ಗದ ಮುಂದ ನಿಂತವರಿಗೆ
ಮತ್ತೊಮ್ಮೆ ನಿಲ್ಲಂದ್ರ ಏನು ದೊಡ್ಡದು?
ಸ್ಟೂಲ್ ಏರಿ, ಧೋತರ ಎತ್ತಿ ಕಟ್ಟಿ,
ಗ್ವಾಡಿ ಕಡೆ ಮಾರಿ ಮಾಡಿ ನಿಂತರು ನಮ್ಮವರು.

ಹೊರಗ ಚೀಟಿ ಬರಿಯೋ ಹುಡುಗಿ ಹೆಸರು ಕೇಳಿದಾಗ
ನಾ ಬಾಯಿ ಬಿಡಲಿಲ್ಲ, ಆಧಾರ್ ಕಾರ್ಡ್ ಚಾಚಿದೆ.
ಆಕಿ ಓದಿದಳು, ಇಡೀ ದವಾಖಾನಿ ಕೇಳೂಹಂಗ:
‘ರೇವಣಸಿದ್ಧ ಹತ್ತೂರೆ, ಡಾವಾ ಪಾಯ್.’
ಎಡಗಾಲು.

ಆ ಕಾಲು ನನಗ ಗೊತ್ತಿಲ್ಲದ್ದೇನಲ್ಲ.
ರಾತ್ರಿಪಾಳಿ ಮುಗಿಸಿ ಬಂದಾಗ
ಮಾರಿಗಿಂತ ಮೊದಲು ಅದನ್ನ ನೋಡತಿದ್ದೆ.
ಮೀನಖಂಡದ ಮ್ಯಾಲೆ ಸುತ್ತಿ ಸುತ್ತಿ ಬಿದ್ದ ನರ,
ಕಂಡಿಕಿ ಜಾರಿ ಗೋಜಲಾದ ನೂಲಿನಂಗ.
ಎಣ್ಣಿ ಹಚ್ಚೀನಿ, ಬಿಸಿ ಉಪ್ಪು ಇಟ್ಟೀನಿ,
ಹರಡಿನ ಹುಣ್ಣಿಗೆ ಅರಿಷಿಣ ತುಂಬೀನಿ.
ಯಾರೋ ಹೇಳಿದರಂತ ಒಮ್ಮೆ
ಕರೇ ದಾರಾನೂ ಕಟ್ಟೀನಿ.

ತಣ್ಣಗಿನ ಲೋಳಿ. ಕಾಲು ಜಗ್ಗಂತ ಹಿಂದ ಸರೀತು.
ಸಾಬೂನಿನಷ್ಟು ದೊಡ್ಡ ಹಿಡಿಕಿಯೊಂದು
ತೊಡಿಸಂದಿಯಿಂದ ಸಾವಕಾಶ ಇಳೀತು.
ಅವರಿಗೆ ಗ್ವಾಡಿ ಕಾಣತಿತ್ತು, ನನಗ ಪರದೆ.
ಬೂದಿ ಬಣ್ಣದಾಗ ಕರೇ ತೂತು,
ಅದರ ಮಗ್ಗಲಕ್ಕ ಇನ್ನೊಂದು.
‘ಏನೈತಿ?’ ಅಂದರು, ತಿರುಗಲಾರದ.
‘ಕಂದೀಲ ಆರಿಸಿದ ಮ್ಯಾಲಿನ ಹೊಗಿ’ ಅಂದೆ.
ಸುಳ್ಳಲ್ಲ, ಹಂಗ ಇತ್ತು.

ಡಾಕ್ಟರಬಾಯಿ ಮೀನಖಂಡ ಹಿಂಡಿದಳು,
ತೂತಿನಾಗ ನೀಲಿ ಭರ್ರಂತ ಏರಿತು.
ಬಿಟ್ಟಳು.
ಕೆಂಪು ಸುರೀತು ಕೆಳಗ.
ಸುರೀತು, ಸುರೀತು, ಇನ್ನೂ ಸುರೀತು,
ಮಷಿನಿನ ಬಾಯಾಗ ದೊಡ್ಡದೊಂದು ನಿಟ್ಟುಸಿರು.
‘ಕೆಟ್ಟ ರಕ್ತ ಕೆಂಪೇನ್ರಿ?’
‘ಬಣ್ಣ ರಕ್ತದ್ದಲ್ಲ ಮಾವಶಿ, ದಿಕ್ಕಿಂದು.
ಏರೋದು ನೀಲಿ, ಇಳಿಯೋದು ಕೆಂಪು.
ಒಳಗ ಸಣ್ಣ ಸಣ್ಣ ಕದ ಅದಾವ,
ಏರಿದ್ದು ಇಳೀದಂಗ ತಡಿಯಾಕ.
ಇವರದು ಮ್ಯಾಲಿನ ಕದ ಮುಚ್ಚವಲ್ಲದು.’
ಹಂಗಾದ್ರ ಈ ಗಂಟು?
‘ತಪ್ಪು ಗಂಟಿಂದಲ್ಲ, ಇಲ್ಲಿಂದು’ ಅಂತ
ಗಂಟಿಗಿಂತ ಮೊಳ ಮೇಲಕ್ಕ ಬೊಟ್ಟು ಇಟ್ಟಳು.

ಆಗ ನಕ್ಕರು, ಗ್ವಾಡಿ ನೋಡಕೋತ ನಮ್ಮವರು.
‘ಟಾವೆಲ್ಲಿನ್ಯಾಗ ಗೀರು ಬಿದ್ದರ
ಹೊಸಾ ಹುಡುಗರು ಅರಿವಿ ತಿಕ್ಕತಾರ.
ಅರಿವ್ಯಾಗ ಏನಿರತೈತಿ?
ಹಿಂದ ಹೋಗಿ ಹಣಗಿ ನೋಡಬೇಕು,
ಅಲ್ಲೊಂದು ಹಲ್ಲು ಬಾಗಿರತೈತಿ.’
ಹಣಗಿಗೆ ಮರಾಠಿಯೊಳಗ ‘ಫಣಿ’ ಅಂದೆ.
ಡಾಕ್ಟರಬಾಯಿ ತನ್ನ ಕೂದಲ ಮುಟ್ಟಿ ನೋಡಕೊಂಡಳು.

ಆಮ್ಯಾಲೆ ಆಳದ ನರ. ಬಾಳ ಹೊತ್ತು ನೋಡಿದಳು.
ಒತ್ತಿದರ ಚಪ್ಪಟಿ ಆಗಬೇಕಂತ. ಆತು.
ಆ ದೊಡ್ಡ ರಸ್ತಾ ಸಾಫ್ ಇದ್ದರನ
ಈ ಗಲ್ಲಿ ಬಂದ್ ಮಾಡಾಕ ಬರತೈತಂತ.
ಹಸರು ಪೆನ್ನು ತಗದು ಕಾಲಮ್ಯಾಲೆ ಬರದಳು:
ಲೇಸರ್ ಎಳಿ ತೂರಸೂದು ಇಲ್ಲಿ,
ಇಲ್ಲಿತನಕ ಸುಡೂದು,
ಇದರ ಕೆಳಗ ಬ್ಯಾಡ,
ಅಲ್ಲಿ ಮಗ್ಗಲಕ್ಕ ಇನ್ನೊಂದು ನರ, ರಕ್ತದ್ದಲ್ಲ, ಜೀವದ್ದು,
ಬಿಸಿ ತಾಗಿದರ ಪಾದ ಜೋಮು ಹಿಡದೀತು.
ಬಾಣ ಎರಡು, ಫುಲಿ ಒಂದು, ಒಂಬತ್ತು ಅಂತ ಒಂದು ಅಂಕಿ.
ನಾ ಸುಮ್ಮನ ನೋಡಿದೆ.
ಇಪ್ಪತ್ತು ವರ್ಷ ನಾ ಅರಿವಿ ತಿಕ್ಕೀನಿ.

‘ನಾಳಿ ಹತ್ತಕ್ಕ ಬರ್ರಿ. ಅಲ್ಲಿತನಕ ತೊಳೀಬ್ಯಾಡ್ರಿ.’
ಎಂದಿನಿಂದ ನಿಲ್ಲಬಹುದು, ಕೇಳಿದರು ಇವರು.
‘ನಾಳಿನ ನಡೀಬಹುದು. ನಿಲ್ಲಬ್ಯಾಡ್ರಿ.’
ನಾಕು ಮಗ್ಗದ ನಡುವ
ನಡಿಯಾಕ ಎಷ್ಟು ಜಾಗಾ ಐತಿ ಅಂತ
ಆಕಿಗೆ ಯಾರು ಹೇಳಬೇಕು.

ಸೊಲ್ಲಾಪುರದ ಬಿಸಲಾಗ
ಘೋಂಗಡೆ ವಸ್ತಿ ಕಡೆ ಆಟೋ ತಿರುಗಿದಾಗ
ಧೋತರ ಸರಿಸಿ ನೋಡಕೊಂಡರು.
‘ಡಿಜಾಯಿನ್ ಚಂದ ಹಾಕ್ಯಾಳ.’
ಕಾಲೆತ್ತಿ ನನ್ನ ತೊಡಿಮ್ಯಾಲೆ ಇಟಕೊಂಡೆ,
ಹಾಡುಹಗಲ, ಸಿಗ್ನಲ್ಲಿನ್ಯಾಗ,
ಮಂದಿ ನೋಡಿದರ ನೋಡಲಿ,
ನೀಲಿ ಏರಲಿ.