ನೆಲದ ಗರ

ಶನಿವಾರ ರಾತ್ರಿ, ಡುಲೂತ್, ಲೋರ್ನಾಳ ನೆಲಮಾಳಿಗೆ.
ಹೊರಗೆ ಸರೋವರ ಕಲ್ಲಾಗಿದೆ.
ಒಳಗೆ ಐದು ಜನ, ಆರಿದ ಪಿಜ್ಜಾ,
ಹನ್ನೊಂದು ವರ್ಷದಿಂದ ತೀರದ ಒಂದು ಜಗಳ.

ನನ್ನ ಅಭಿಪ್ರಾಯ, ಯಾರೂ ಕೇಳಿಲ್ಲ, ಆದರೂ:
ಇಪ್ಪತ್ತು ಮುಖದ ದಾಳ ಶುದ್ಧ ಪೋಕರಿ.
ಒಂದಕ್ಕೂ ಹತ್ತಕ್ಕೂ ಇಪ್ಪತ್ತಕ್ಕೂ ಅದರಲ್ಲಿ ಒಂದೇ ಮರ್ಯಾದೆ.
ಮೂವತ್ತು ವರ್ಷ ಬೀಗ ತೆಗೆದು ಪಳಗಿದ ಕಳ್ಳ
ಇಪ್ಪತ್ತರಲ್ಲೊಂದು ಸಲ
ತನ್ನ ಬೆರಳನ್ನೇ ಸಿಕ್ಕಿಸಿಕೊಳ್ಳಬೇಕೆ?
ನಾನು ಹಿಮ ತಳ್ಳುವ ಲಾರಿ ಓಡಿಸುವವನು.
ಇಪ್ಪತ್ತು ದಿನಕ್ಕೊಮ್ಮೆ ಸೇತುವೆಯಿಂದ ಬೀಳುವುದಿಲ್ಲ.

ನನಗೆ ಮೂರು ಆರುಮುಖಿ ಕೊಡಿ.
ಇನ್ನೂರ ಹದಿನಾರು ದಾರಿ; ಅದರಲ್ಲಿ
ಹತ್ತಕ್ಕೆ ಇಪ್ಪತ್ತೇಳು, ಹನ್ನೊಂದಕ್ಕೆ ಇಪ್ಪತ್ತೇಳು,
ಹದಿನೆಂಟಕ್ಕೆ ಒಂದೇ ಒಂದು.
ನಡುವೆ ರಾಶಿ, ತುದಿಗೆ ತೆಳು,
ನಾನು ತಳ್ಳಿಟ್ಟ ಹಿಮದ ದಿಬ್ಬದ ಹಾಗೆ.

"ಅದಕ್ಕೇ ನಿನ್ನ ಆಟ ಸಪ್ಪೆ" ಅನ್ನುತ್ತಾಳೆ ಪಾ ಹೌವಾ,
ಶಾಲೆಯಲ್ಲಿ ಗಣಿತ ಹೇಳುವವಳು.
"ಸರಾಸರಿ ನೋಡೋಕೆ ಇಲ್ಲಿಗೆ ಬರಬೇಕಾ?
ಎಂಟನೇ ಕ್ಲಾಸಲ್ಲೇ ಕೂತಿದೆ, ಬೆಂಚು ತುಂಬ."

ವೆಂಡೆಲ್ ಕಿವಿಸ್ತೊಗೆ ದಾಳದ ಮೇಲೆ ಸಿಟ್ಟಿಲ್ಲ,
ಪುಸ್ತಕದ ಮೇಲೆ.
ಅದಿರಿನ ಹಡಗಿನಲ್ಲಿ ಅಡುಗೆ ಮಾಡಿ ಮುದುಕನಾದವನು.
"ಮುಳುಗೋದಕ್ಕೆ ಎರಡು ಪುಟ ನಿಯಮ!
ಬರೆದವನು ನೀರು ಕಂಡವನಲ್ಲ."

ಲೋರ್ನಾ ಏನೂ ಅನ್ನುವುದಿಲ್ಲ.
ರಟ್ಟಿನ ಮರೆಯ ಹಿಂದೆ ಗರ ಹಾಕುತ್ತಾಳೆ,
ಕೆಲವು ಸಲ ಬರೀ ಸದ್ದಿಗೆ.
ನಮಗೆ ಗೊತ್ತು. ಅವಳಿಗೂ ಗೊತ್ತು ನಮಗೆ ಗೊತ್ತೆಂದು.
ಸತ್ತೇ ಹೋಗಬೇಕಿದ್ದ ನಾವು
ಇನ್ನೂ ಪಿಜ್ಜಾ ತಿನ್ನುತ್ತಿರುವುದು ಆ ರಟ್ಟಿನ ದಯೆ.

ಇವತ್ತು ವೆಂಡೆಲ್‌ನ ಅಂಬಿಗ, ಹೋರ್ಸ್ಕ,
ಹನ್ನೊಂದು ವರ್ಷದ ಹಳಬ,
ನೀರು ನುಗ್ಗಿದ ಸುರಂಗದಲ್ಲಿ ಸಿಕ್ಕಿಬಿದ್ದ.
ಹದಿನೇಳು ಬೇಕು.
ಹಾಕಿದ. ದಾಳ ಬಿಯರ್ ಡಬ್ಬಿಗೆ ಬಡಿದು
ಚಂಗನೆ ಹಾರಿ ರೇಡಿಯೇಟರ್ ಅಡಿ ಸೇರಿತು.

ಗೋಡೆಯ ಮೇಲಿದೆ, ವೆಂಡೆಲ್‌ನದೇ ಅಕ್ಷರ:
ನೆಲದ ಗರ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆದರೂ ಎಸ್ಕಿಲ್, ಲೋರ್ನಾಳ ತಂಗಿಯ ಮಗ,
ಬೋರಲು ಮಲಗಿ ಫೋನಿನ ಬೆಳಕು ಬಿಟ್ಟ.
"ಪೈಪಿಗೆ ಒರಗಿದೆ. ಅರ್ಧ ಇಪ್ಪತ್ತು, ಅರ್ಧ ಎರಡು."
ಅಡ್ಡಗೋಡೆಯ ಮೇಲೆ ದೀಪ.
ಪಾ ಹೌವಾ ಬಾಯಿ ತೆರೆದಳು. ನಾನೂ ತೆರೆದೆ.

ಲೋರ್ನಾ ರಟ್ಟನ್ನು ಮಡಚಿದಳು.
ಮೊದಲ ಸಲ ಕಂಡೆವು ಆ ಕಡೆ ಇದ್ದದ್ದು:
ಪೆನ್ಸಿಲ್ ತುಂಡು, ಕೆಮ್ಮಿನ ಮಾತ್ರೆ, ಒಂದೇ ಒಂದು ದಾಳ.
ಅದನ್ನು ವೆಂಡೆಲ್ ಕಡೆ ತಳ್ಳಿದಳು.

ಹನ್ನೊಂದು ಬಿತ್ತು.
ನನ್ನ ಹನ್ನೊಂದು. ರಾಶಿಯ ನಡುವಿನ ಹನ್ನೊಂದು.
ಅದನ್ನು ಹೇಳಲು ಅದು ಹೊತ್ತಲ್ಲ.

"ಮುಗೀತು" ಅಂದ ಎಸ್ಕಿಲ್ ಮೆಲ್ಲಗೆ.
"ಮುಗಿದಿಲ್ಲ" ಅಂದ ವೆಂಡೆಲ್.
"ಆ ಎರಡು ಪುಟ ಇದೆಯಲ್ಲ, ಓದು.
ಮೊದಲಿಂದ. ಉಸಿರು ಉಸಿರು ಎಣಿಸಿ."

ಲೋರ್ನಾ ಓದಿದಳು.
ಉಸಿರು ಹಿಡಿವ ಸುತ್ತು, ಕೈ ಸೋಲುವ ಸುತ್ತು,
ಅಡಿಟಿಪ್ಪಣಿ ಕೂಡ ಬಿಡಲಿಲ್ಲ.
ಪ್ರತಿ ಸುತ್ತಿಗೂ ಮುದುಕ ಗರ ಹಾಕಿದ,
ಟೇಬಲ್ಲಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ,
ಹಗುರಾಗಿ, ಅಂಚಿಗೆ ಹೋಗದ ಹಾಗೆ.
ನಲವತ್ತು ನಿಮಿಷ ಹಿಡಿಯಿತು.

ಇನ್ನೊಂದು ದಾಳ ರೇಡಿಯೇಟರ್ ಅಡಿಯೇ ಇದೆ.
ಯಾರೂ ಕೈ ಹಾಕಿಲ್ಲ.