ಇತರೆ

ಫಾರಂನಲ್ಲಿ ಐದು ಕಾಲಂ:
ಹೆಜ್ಜೇನು, ತುಡುವೆ, ಕೋಲ್ಜೇನು, ಚಿಟ್ಟೆ,
ಕೊನೆಗೆ, ಹಾಳೆಯಂಚಿಗೆ ಒತ್ತಿಕೊಂಡು, ಇತರೆ.
ಒಂದೊಂದು ಗೊಂಚಲ ಮುಂದೆ ಕಾಲು ಗಂಟೆ ಕೂತು
ಬಂದವರ ಹೆಸರಿನಡಿ ಗೀಟು ಎಳೆಯಬೇಕು.
ನೆರಳು ಬೀಳಿಸಬಾರದು, ಕೆಮ್ಮಬಾರದು.
ದಿನಕ್ಕೆ ನಾನೂರೈವತ್ತು. ಬುತ್ತಿ ನಮ್ಮದೇ.

ಶ್ರೀನಿವಾಸಪುರ ದಾಟಿ ರಾಯಲ್ಪಾಡಿನ ದಾರಿಗೆ
ಗೌಸ್ ಪೀರ್ ಸಾಬರು ಗುತ್ತಿಗೆ ಹಿಡಿದ ಬೇನಿಷಾ ತೋಪು.
ಹೂ ನೋಡಿ ತೋಪು ಹಿಡಿಯೋದು, ಕಾಯಿ ನೋಡಿ ಅಳೋದು
ಅಂತ ನಗುತ್ತಾರೆ. ನಗುವಾಗಲೂ
ಕಣ್ಣು ಕೊಂಬೆಯ ಮೇಲೇ ಇರುತ್ತದೆ.

ಮೊದಲ ದಿನ ನಾನು ಜೇನಿಗೆ ಕಾದೆ.
ಶಾಲೆಯಲ್ಲಿ ಬರೆದ ಚಿತ್ರದಲ್ಲಿ ಹೂವಿದ್ದರೆ
ಪಕ್ಕದಲ್ಲಿ ಜೇನು ಇದ್ದೇ ಇರುತ್ತಿತ್ತು,
ಹಳದಿ ಕಪ್ಪು ಪಟ್ಟೆ, ಚುಕ್ಕಿ ಚುಕ್ಕಿಯಾಗಿ ಹಾರಿದ ದಾರಿ.
ಎರಡು ತುಡುವೆ ಬಂದವು, ಮೂಸಿ ನೋಡಿ
ಪಕ್ಕದ ಹೊಲದ ಕೊತ್ತಂಬರಿ ಹೂವಿಗೆ ಹೋದವು.

ಬಂದದ್ದು ನೊಣ.
ಹಸಿರು ನೊಣ, ನೀಲಿ ನೊಣ, ಗಾಳಿಯಲ್ಲೇ ನಿಲ್ಲುವ ಹೂನೊಣ,
ತಿಪ್ಪೆಯಿಂದ ನೇರ ಎದ್ದು, ಕಾಲೊರೆಸದೆ ಒಳಬಂದ ನೊಣ.
ಮಾವಿನ ಹೂ ಜೋಳದ ಕಾಳಿನಷ್ಟು, ತೆರೆದಿಟ್ಟ ತಟ್ಟೆ;
ಉದ್ದ ನಾಲಿಗೆ ಬೇಕಿಲ್ಲ,
ಮಧುಕರ ಅನ್ನುವ ಹೆಸರು ಬೇಕಿಲ್ಲ,
ನೆಕ್ಕಲು ಬಂದರೆ ಸಾಕು.
ಐದು ಕೇಸರದಲ್ಲಿ ಒಂದಕ್ಕೇ ಜೀವ.
ಆ ಒಂದರ ಪುಡಿ ಎದೆಯ ರೋಮಕ್ಕೆ ಅಂಟಿ
ಮುಂದಿನ ಹೂವಿನ ತುದಿಗೆ ಒರೆಸಿಹೋಗುತ್ತದೆ.
ನೊಣಕ್ಕೆ ಗೊತ್ತಿಲ್ಲ. ಹೂವಿಗೂ ಹೇಳುವ ತುರ್ತಿಲ್ಲ.

ಮೂರನೇ ದಿನ ಸಾಬರು
ಸಂತೆಯ ಚಿನ್ನಪಾಪಮ್ಮನ ಹತ್ತಿರ
ಮೀನಿನ ತಲೆ, ಕರುಳು, ಒಂದು ಬಕೆಟ್ ತಂದು
ಈರುಳ್ಳಿ ಚೀಲದಲ್ಲಿ ಕಟ್ಟಿ ಕೊಂಬೆಗೆ ನೇತುಹಾಕಿಸಿದರು.
ಈಗಲಕಾ ವಿಂದು? ಅಂತ ಅವಳು ಕೇಳಿದಳಂತೆ,
ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲವಂತೆ,
ನೊಣಕ್ಕೆ ಬಡಿಸಿ ಯಾರಾದರೂ ಲೆಕ್ಕ ಬರೀತಾರಾ ಅಂತ.
ರಸ್ತೆಯಲ್ಲಿ ಹೋಗುವ ಬಸ್ಸಿನ ಕಿಟಕಿಗಳು
ಒಂದಾದ ಮೇಲೊಂದು ಮುಚ್ಚಿಕೊಂಡವು.

ನಾನು ಮೂಗಿಗೆ ದುಪಟ್ಟಾ ಬಿಗಿದು ಲೆಕ್ಕ ಬರೆದೆ.
ನಾಲ್ಕು ಗೀಟು, ಮೇಲೊಂದು ಅಡ್ಡಗೆರೆ,
ನಾಲ್ಕು ಗೀಟು, ಮೇಲೊಂದು ಅಡ್ಡಗೆರೆ,
ಇತರೆ ತುಂಬಿತು, ಅಂಚು ತುಂಬಿತು,
ಹಾಳೆಯ ಬೆನ್ನಿಗೆ ತಿರುಗಿತು.
ಚಿಟ್ಟೆಯ ಕೆಳಗೆ ಬರೀ ಬಿಳಿ.

ಯಾವ ಯಾವ ನೊಣ ಅಂತ ಬರೆಯಬೇಕಿತ್ತಲ್ಲಮ್ಮ,
ಸಂಜೆ ಹಾಳೆ ತಿರುವುತ್ತ ಅಂದರು ಕಾಲೇಜಿನ ಸಾರು.
ಜಾಗ ಎಲ್ಲಿ ಕೊಟ್ಟಿದ್ರಿ ಸಾರ್?
ಅವರು ಉತ್ತರಿಸದೆ ಪೆನ್ನಿನ ಮುಚ್ಚಳ ಹುಡುಕಿದರು.

ಸಾವಿರ ಹೂವಿಗೆ ಒಂದು ಕಾಯಿ ನಿಂತರೆ ಪುಣ್ಯ.
ಜ್ಯೇಷ್ಠದಲ್ಲಿ ಸಾಬರಿಂದ ಒಂದು ಪೆಟ್ಟಿಗೆ ಬಂತು,
ಅಡಿಯಲ್ಲಿ ಹುಲ್ಲು, ಮೇಲೆ ಹಳೇ ಉರ್ದು ಪೇಪರು.
ಅಮ್ಮ ಹೆಚ್ಚಿಟ್ಟಳು. ತಟ್ಟೆಯಂಚಿಗೆ ಒಂದು
ಬಂದು ಕೂತು ಮುಂಗಾಲು ಉಜ್ಜಿಕೊಂಡಿತು,
ಬಾಕಿ ಕೂಲಿ ಕೇಳಲು ಬಂದವರ ಹಾಗೆ.
ಕೈ ಬೀಸಿದೆ. ಅಭ್ಯಾಸ.

ಆಮೇಲೆ ಗೊರಟೆಯನ್ನು ಪೂರ್ತಿ ಚೀಪದೆ,
ಒಂದಿಷ್ಟು ಹಳದಿ ಬಿಟ್ಟೇ,
ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಇಟ್ಟು ಬಂದೆ,
ಅಮ್ಮ ನೋಡದ ಹಾಗೆ.